ನಿಮ್ಮ ಕೈಗೆ ಏನು ಗೊತ್ತು?

"ಅಮ್ಮೀ, ಒಂದು ದಿನ ಎಲ್ಲವೂ ನಿಂತು ಹೋದರೆ ನಾವೇನು ಮಾಡೋದು?"

ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಕಿರಿಯ ಮಗಳು ಕೇಳಿದ ಪ್ರಶ್ನೆ ಇದು. ಯಾವುದೋ ಇಂಗ್ಲಿಷ್ ಸಿನಿಮಾ ನೋಡಿ ಎದ್ದು ಬಂದಿದ್ದಳು. ಅದರಲ್ಲಿ ಕರೆಂಟಿಲ್ಲ, ಬ್ಯಾಂಕಿಲ್ಲ, ಫೋನಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಸರಕಾರವೂ ಇಲ್ಲ. ಉಳಿದ ಜನ ಹೇಗೋ ಬದುಕುತ್ತಾರೆ.

"ನಾಲ್ಕು ಮೂಟೆ ಅಕ್ಕಿ ತಂದಿಟ್ಟರಾಯಿತು" ಎಂದು ಅವಳ ತಂದೆ ನಕ್ಕರು.

"ಅಕ್ಕಿ ಮುಗಿದ ಮೇಲೆ?" ಎಂದೆ ನಾನು.

"ಯಾರಿಗಾದರೂ ಏನಾದರೂ ಕೊಟ್ಟು ಬದಲಿಗೆ ಇಸ್ಕೊಳ್ಳೋದು" ಎಂದಳು ಮಗಳು.

"ನೀನು ಏನು ಕೊಡ್ತೀಯಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿ "ನನ್ನ ಮೊಬೈಲ್" ಎಂದಳು. ಕರೆಂಟೇ ಇಲ್ಲದ ಊರಿನಲ್ಲಿ ಮೊಬೈಲನ್ನು ಯಾರು ತೆಗೆದುಕೊಳ್ಳುತ್ತಾರೆ? ನಾವೆಲ್ಲ ನಕ್ಕೆವು. ಆದರೆ ಪಾತ್ರೆ ತೊಳೆಯುವಾಗ ಆ ಪ್ರಶ್ನೆ ನನ್ನ ತಲೆಯಲ್ಲೇ ಕುಳಿತಿತ್ತು. ಕಾಲೇಜಿಗೆ ಹೋಗುವ ಹುಡುಗಿ. ಒಳ್ಳೆಯ ಅಂಕ ತೆಗೆಯುತ್ತಾಳೆ. ಆದರೆ ನೋಟು ನಡೆಯದ ದಿನ ನೆರೆಮನೆಯವರಿಗೆ ಉಪಯೋಗವಾಗುವಂಥದ್ದು ಅವಳ ಕೈಯಲ್ಲಿ ಏನಿದೆ? ಅವಳನ್ನು ಬಿಡಿ, ನನ್ನ ಕೈಯಲ್ಲಿ ಏನಿದೆ?

ಇದು ಬರೀ ಸಿನಿಮಾದ ಮಾತೆಂದು ತಳ್ಳಿಹಾಕಬೇಡಿ. ಇಂಥ ದಿನಗಳ ಸಣ್ಣ ರುಚಿಯನ್ನು ನಾವೂ ನೀವೂ ಎರಡು ಸಲ ನೋಡಿದ್ದೇವೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ದೇಶದಲ್ಲಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡಾ 86ರಷ್ಟು ಆ ಎರಡು ನೋಟುಗಳೇ ಆಗಿದ್ದವು. ಮರುದಿನ ಬೆಳಿಗ್ಗೆ ಹಾಲಿನವನಿಗೆ ಕೊಡಲು ಎಷ್ಟು ಮನೆಗಳಲ್ಲಿ ಚಿಲ್ಲರೆ ಇತ್ತು? ಅದಾದ ಮೇಲೆ 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಆಗ ಹಣವಿತ್ತು, ಆದರೆ ಅಂಗಡಿ ಇರಲಿಲ್ಲ. ಬಸ್ಸಿಲ್ಲ, ಕೆಲಸವಿಲ್ಲ, ಕ್ಷೌರದ ಅಂಗಡಿಯಿಲ್ಲ, ಟೈಲರ್ ಇಲ್ಲ.

ಆ ಏಪ್ರಿಲ್‌ನ ಒಂದು ಮಧ್ಯಾಹ್ನ ಮದ್ದೂರಿನ ನಮ್ಮ ಮನೆಯ ಬಾಗಿಲಿಗೆ ಎದುರು ಮನೆಯ ಅಜ್ಜಿ ಬಂದರು. ಕೈಯಲ್ಲಿ ಹಳೆಯ ಪಂಚೆಯ ಎರಡು ತುಂಡು. "ಒಸಿ ಮೂತಿ ಮುಚ್ಚೋ ಬಟ್ಟೆ ಹೊಲ್ದು ಕೊಡವ್ವ. ಕಾಸು ಆಮೇಲೆ ಕೊಡ್ತೀನಿ" ಎಂದರು. ನನ್ನ ಹತ್ತಿರ ಅಮ್ಮಿ ಕೊಟ್ಟ ಹಳೆಯ ತುಳಿಯುವ ಮೆಷಿನ್ ಇದೆ. ಆರು ಮಾಸ್ಕ್ ಹೊಲಿದು ಕೊಟ್ಟೆ, ಕಾಸು ಬೇಡವೆಂದೆ. ಮರುದಿನ ಅವರು ಒಂದು ಸೇರು ರಾಗಿ ಹಿಟ್ಟು, ಅವರ ಹಿತ್ತಲಿನ ನುಗ್ಗೆ ಸೊಪ್ಪು ತಂದಿಟ್ಟರು. ಅಷ್ಟೇ ಅಲ್ಲ, ಗಂಟಿಲ್ಲದ ಮುದ್ದೆ ತಿರುವುವುದನ್ನು ನಮ್ಮ ಒಲೆಯ ಮುಂದೆಯೇ ನಿಂತು ನನಗೆ ಕಲಿಸಿದರು. ಮಂಡ್ಯ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವಳಾದರೂ ನನ್ನ ಮುದ್ದೆ ಅದುವರೆಗೆ ಯಾರ ಮುಂದೆಯೂ ಇಡುವ ಹಾಗಿರಲಿಲ್ಲ!

ಅದೇ ವಾರ ಅಜ್ಜಿಯ ಮಗ ನಮ್ಮ ಹುಡುಗರ ತಲೆಗೂದಲು ಕತ್ತರಿಸಿದರು. ನಮ್ಮ ಮನೆಯವರು ಅವರ ಕೆಟ್ಟು ಕುಳಿತಿದ್ದ ನೀರಿನ ಮೋಟಾರು ಸರಿ ಮಾಡಿದರು. ಯಾರೂ ಲೆಕ್ಕ ಬರೆಯಲಿಲ್ಲ. ಆದರೆ ಎರಡೂ ಮನೆಯವರಿಗೆ ಲೆಕ್ಕ ಗೊತ್ತಿತ್ತು. ನೆನಪಿಡಿ, ಅದು ಕೆಲವು ಕಡೆ ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳುವ, ಬಿಡುವ ಗಾಳಿ ಬೀಸುತ್ತಿದ್ದ ಕಾಲ.

ಇದನ್ನು ಫೋನಿನಲ್ಲಿ ಅಮ್ಮಿಗೆ ಹೇಳಿದಾಗ ಅವರು "ಇದೇನು ಹೊಸದೇ? ಇದು ಮುಯ್ಯಿ" ಎಂದರು.

ಅಮ್ಮಿಯ ತವರು ಮಳವಳ್ಳಿ ಕಡೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರು. ನಾಲೆಯಲ್ಲಿ ನೀರು ಬಂದಾಗ ಎಲ್ಲರ ಗದ್ದೆಗೂ ಒಟ್ಟಿಗೇ ನಾಟಿ ಆಗಬೇಕು. ಕೂಲಿಗೆ ಹಣ ಯಾರ ಬಳಿ ಇರುತ್ತಿತ್ತು? ಅದಕ್ಕೇ ಮುಯ್ಯಾಳು. ಹತ್ತು ಮನೆಯವರು ಇಂದು ನಿಮ್ಮ ಗದ್ದೆಯಲ್ಲಿ, ನಾಳೆ ನಮ್ಮ ಗದ್ದೆಯಲ್ಲಿ ದುಡಿಯುತ್ತಾರೆ. ನಿಮ್ಮ ಮನೆಯಿಂದ ಇಬ್ಬರು ನಮ್ಮಲ್ಲಿಗೆ ಬಂದರೆ ನಮ್ಮ ಮನೆಯಿಂದ ಇಬ್ಬರು ನಿಮ್ಮಲ್ಲಿಗೆ ಬರಬೇಕು. ಗಟ್ಟಿ ಆಳಿಗೆ ಬದಲಾಗಿ ಎಳೆ ಹುಡುಗನನ್ನು ಕಳಿಸಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮದುವೆಯಲ್ಲಿ ಓದಿಸುವ ಮುಯ್ಯಿಯೂ ಹಾಗೆಯೇ ಅಲ್ಲವೇ? ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೋ ಇನ್ನೊಂದಿಷ್ಟು ಸೇರಿಸಿಯೋ ತಿರುಗಿ ಕೊಡುವುದು ನಮ್ಮ ಕಡೆಯ ವಾಡಿಕೆ.

ಹಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಏರ್ಪಾಡೂ ಇತ್ತು. ಅದೇ ಆಯ. ಕಮ್ಮಾರ ನೇಗಿಲಿನ ಗುಳ ಹರಿತ ಮಾಡುತ್ತಿದ್ದ, ಬಡಗಿ ಗಾಡಿ ಕಟ್ಟುತ್ತಿದ್ದ, ಅಗಸರು ಬಟ್ಟೆ ಒಗೆಯುತ್ತಿದ್ದರು, ನೀರುಗಂಟಿ ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯ ಮೇಲೆ ಬಿಡುತ್ತಿದ್ದ. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ವಿದ್ಯೆಗೆ ಬದಲಾಗಿ ಅನ್ನ.

ಆದರೆ ಹಳೆಯದೆಲ್ಲವೂ ಹೊನ್ನೆಂದು ನಾನು ಹೇಳುವುದಿಲ್ಲ. ಆಯದಲ್ಲಿ ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಎಷ್ಟು ಅಳೆಯಬೇಕೆಂಬುದನ್ನು ಕಣದ ಒಡೆಯ ನಿರ್ಧರಿಸುತ್ತಿದ್ದ. ಅತಿ ಕಷ್ಟದ ಕೆಲಸ ಮಾಡುವವರಿಗೆ ಅತಿ ಕಡಿಮೆ ಸಿಗುತ್ತಿತ್ತು. ಸಾಲಕ್ಕೆ ಬದಲಾಗಿ ದುಡಿಯುವ ಜೀತವೂ ಒಂದು ರೀತಿಯ ವಿನಿಮಯವೆಂದೇ ಹೇಳಿಕೊಳ್ಳುತ್ತಿತ್ತು! 1976ರಲ್ಲಿ ಕಾನೂನು ಬಂದು ಅದನ್ನು ನಿಷೇಧಿಸಬೇಕಾಯಿತು. ಬೇಡವೆನ್ನುವ ಸ್ವಾತಂತ್ರ್ಯ ಎರಡೂ ಕಡೆಯವರಿಗೆ ಇದ್ದರೆ ಮಾತ್ರ ಅದು ವಿನಿಮಯ. ಇಲ್ಲದಿದ್ದರೆ ಅದು ಸುಲಿಗೆ.

ಇನ್ನೊಂದು ಮಿತಿಯೂ ಇದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಬರಗಾಲದ ಬಗ್ಗೆ ನೀವು ಕೇಳಿರಬಹುದು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂದು ಕನ್ನಂಬಾಡಿ ಕಟ್ಟೆಯಿರಲಿಲ್ಲ, ಈ ನಾಲೆಗಳಿರಲಿಲ್ಲ. ಕಮ್ಮಾರನ ಕೈಯಲ್ಲಿ ವಿದ್ಯೆ ಇತ್ತು, ನೇಕಾರನ ಕೈಯಲ್ಲೂ ಇತ್ತು. ಆದರೆ ಕಣದಲ್ಲಿ ಧಾನ್ಯವಿರಲಿಲ್ಲ. ಹೊಟ್ಟೆಗಿಲ್ಲದವನು ಸೀರೆ ಕೊಳ್ಳುತ್ತಾನೆಯೇ? ಎಲ್ಲರಿಗೂ ಒಂದೇ ವಸ್ತು ಒಟ್ಟಿಗೆ ಇಲ್ಲವಾದಾಗ ಯಾವ ವಿನಿಮಯವೂ ಕೈಹಿಡಿಯುವುದಿಲ್ಲ. ಆಗ ಕಟ್ಟೆ, ಉಗ್ರಾಣ, ಪಡಿತರ, ಸರಕಾರ ಇವೇ ಬೇಕು. ಆದ್ದರಿಂದ ನೆರೆಹೊರೆಯ ಕೊಡುಕೊಳ್ಳುವಿಕೆ ಸರಕಾರಕ್ಕೆ ಬದಲಿಯಲ್ಲ. ಸರಕಾರದ ಕೈ ತಲುಪುವವರೆಗೆ ನಮ್ಮನ್ನು ನಿಲ್ಲಿಸುವ ಊರುಗೋಲು ಅದು.

ದೂರದ ಅರ್ಜೆಂಟೀನಾದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದರು. 1995ರಲ್ಲಿ ರಾಜಧಾನಿ ಬ್ಯೂನಸ್ ಐರಿಸ್ ಬಳಿಯ ಬರ್ನಾಲ್ ಎಂಬಲ್ಲಿ ಸುಮಾರು 20 ನೆರೆಹೊರೆಯವರು ಒಂದು ವಿನಿಮಯ ಕೂಟ ಆರಂಭಿಸಿದರು. ಒಬ್ಬರು ಬ್ರೆಡ್ ತಂದರೆ ಇನ್ನೊಬ್ಬರು ಹೊಲಿಗೆ, ಮತ್ತೊಬ್ಬರು ಪಾಠ. 2001ರ ಡಿಸೆಂಬರ್‌ನಲ್ಲಿ ಆ ದೇಶದ ಆರ್ಥಿಕತೆ ಕುಸಿದು, ಬ್ಯಾಂಕಿನಲ್ಲಿದ್ದ ಸ್ವಂತ ಹಣವನ್ನು ತೆಗೆಯುವುದಕ್ಕೂ ಮಿತಿ ಬಿತ್ತು. ಆಗ ಸಾವಿರಾರು ಕೂಟಗಳು ಹುಟ್ಟಿದವು. 20 ಲಕ್ಷಕ್ಕೂ ಹೆಚ್ಚು ಜನ ಸೇರಿದರೆಂದು ಅಂದಾಜು. ಅವರಲ್ಲಿ ಹೆಂಗಸರೇ ಹೆಚ್ಚು. ಕೆಲಸ ಕಳೆದುಕೊಂಡ ಮನೆಗಳಲ್ಲಿ ಒಲೆ ಉರಿಸಿದ್ದು ಎಷ್ಟೋ ಕಡೆ ಆ ಕೂಟಗಳೇ.

ಆದರೆ 2002ರ ಕೊನೆಯ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಏಕೆ? ಸುಲಭವಾಗಲಿ ಎಂದು ಅವರು ತಮ್ಮದೇ ಚೀಟಿಗಳನ್ನು ಅಚ್ಚು ಹಾಕಿಸಿದ್ದರು. ಚೀಟಿಗಳು ವಿಪರೀತ ಹೆಚ್ಚಾದವು, ಜೊತೆಗೆ ನಕಲಿ ಚೀಟಿಗಳೂ ಬಂದವು. ಅಕ್ಕಿ, ಎಣ್ಣೆ, ಹಿಟ್ಟಿನಂತಹ ಮೂಲ ವಸ್ತುಗಳು ಕೂಟಕ್ಕೆ ಬರುವುದು ಕಡಿಮೆಯಾಯಿತು. ಪರಸ್ಪರ ಮುಖ ನೋಡಿ ಬಲ್ಲ 20 ಜನರ ನಡುವೆ ನಡೆದದ್ದು, ಮುಖವನ್ನೇ ನೋಡದ ಲಕ್ಷ ಜನರ ನಡುವೆ ನಡೆಯಲಿಲ್ಲ. ಎದುರು ಮನೆಯ ಅಜ್ಜಿಗೂ ನನಗೂ ಚೀಟಿ ಏಕೆ ಬೇಕಾಗಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ವಸ್ತುವಿನ ವಿನಿಮಯಕ್ಕೂ ವಿದ್ಯೆಯ ವಿನಿಮಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಾನು ನಿಮಗೆ ಒಂದು ಸೇರು ಅಕ್ಕಿ ಕೊಟ್ಟರೆ ನನ್ನ ಡಬ್ಬಿಯಲ್ಲಿ ಒಂದು ಸೇರು ಕಡಿಮೆಯಾಗುತ್ತದೆ. ಹೊಲಿಗೆ ಕಲಿಸಿದರೆ ನನ್ನ ಹೊಲಿಗೆ ನನ್ನಲ್ಲೇ ಇರುತ್ತದೆ, ನಿಮ್ಮಲ್ಲೂ ಇರುತ್ತದೆ. ಕ್ರಿ.ಶ. 624ರ ಬದ್ರ್ ಯುದ್ಧದ ಚರಿತ್ರೆಯಲ್ಲಿ ಇದಕ್ಕೊಂದು ಸುಂದರ ಉದಾಹರಣೆಯಿದೆ. ಸೆರೆಸಿಕ್ಕ ಮಕ್ಕಾದವರಲ್ಲಿ ಬಿಡುಗಡೆಯ ಹಣ ಕೊಡಲಾಗದ, ಆದರೆ ಓದು ಬರಹ ಬಲ್ಲವರಿದ್ದರು. ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಅದೇ ಅವರ ಬಿಡುಗಡೆಯ ಮೊತ್ತವೆಂದು ಪ್ರವಾದಿ ಮುಹಮ್ಮದ್(ಸ) ಗೊತ್ತುಪಡಿಸಿದ್ದರು. ನಿನ್ನೆ ಕತ್ತಿ ಹಿಡಿದು ಬಂದವನ ಬಳಿಯೂ ಕಲಿಯುವಂಥದ್ದು ಇರುತ್ತದೆ ಎಂಬ ಪಾಠ ಅದರಲ್ಲಿದೆ.

ತಲೆಯಲ್ಲಿರುವ, ಕೈಯಲ್ಲಿರುವ ವಿದ್ಯೆಯನ್ನು ಬೆಂಕಿಯೂ ಸುಡಲಾರದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಅಲ್ಲಿನ ಜನಜೀವನವನ್ನು ಅಭ್ಯಾಸ ಮಾಡಿದವರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ವರ್ಷಗಟ್ಟಲೆ ಕುಳಿತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ಕೈಚೆಲ್ಲಲಿಲ್ಲ. ನೆನಪಿನಿಂದಲೇ ಬರೆಯಲು ಕುಳಿತರು. 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್' ಎಂಬ ಆ ಪುಸ್ತಕ ಜಗತ್ಪ್ರಸಿದ್ಧವಾಯಿತು. ಹಳ್ಳಿಯವರು ಪರಸ್ಪರ ಕೊಟ್ಟು ಕೊಳ್ಳುವ ರೀತಿಯನ್ನೂ ಅದರಲ್ಲಿ ವಿವರಿಸಿದ್ದಾರೆ.

ಆದರೆ ಮನುಷ್ಯನೇ ಹೋದರೆ? ಕೈಯಲ್ಲಿದ್ದ ವಿದ್ಯೆಯೂ ಅವನೊಂದಿಗೆ ಮಣ್ಣಿಗೆ ಹೋಗುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಕಲಾಯಿ ಹಾಕುವ ಚಾಚಾ ಬರುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ ಇದ್ದಿಲು ಉರಿಸಿ, ಕಾದ ತಾಮ್ರದ ಪಾತ್ರೆಗೆ ನವಸಾಗರ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಒಳಗೆಲ್ಲ ಸವರುತ್ತಿದ್ದರು. ಕಪ್ಪು ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹುಳಿ ಪದಾರ್ಥ ತಾಮ್ರಕ್ಕೆ ತಗುಲಿ ವಿಷವಾಗದಿರಲಿ ಎಂದು ಈ ಕೆಲಸ. ಗೌಡರ ಮನೆಗಳಲ್ಲಿ ಅವರಿಗೆ ರಾಗಿ, ಬೆಲ್ಲ, ತೆಂಗಿನಕಾಯಿ ಕೊಡುತ್ತಿದ್ದರು. ಎತ್ತುಗಳಿಗೆ ಲಾಳ ಕಟ್ಟುವವರಿಗೂ ಹಾಗೆಯೇ. ಇಂದು ನಮ್ಮ ಬೀದಿಗೆ ಆ ಇಬ್ಬರೂ ಬರುವುದಿಲ್ಲ. ಸ್ಟೀಲು ಬಂತು, ಟ್ರ್ಯಾಕ್ಟರ್ ಬಂತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಆ ಚಾಚಾನ ಜೊತೆ ಊರಿನ ಮನೆಮನೆಯ ಹಿತ್ತಿಲಿಗೂ ನಮಗೂ ಇದ್ದ ಒಂದು ದಾರಿ ಮುಚ್ಚಿಹೋಯಿತು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಎಲ್ಲ ದಾರಿಗಳೂ ಮುಚ್ಚಿಲ್ಲ. ಮಳವಳ್ಳಿ, ಮದ್ದೂರು ಕಡೆಯ ರೈತರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ರಾಮನಗರದ ಮಾರುಕಟ್ಟೆಯಲ್ಲಿ ಆ ಗೂಡನ್ನು ಕೊಂಡು ನೂಲು ತೆಗೆಯುವವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಆದ್ದರಿಂದ ರೈತ ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ, ಗೂಡಿಲ್ಲದೆ ನೂಲು ತೆಗೆಯುವವನ ಮನೆಯ ಒಲೆಯೂ ಉರಿಯುವುದಿಲ್ಲ. ಒಬ್ಬನಿಗೆ ಹುಳುವಿನ ವಿದ್ಯೆ, ಇನ್ನೊಬ್ಬನಿಗೆ ಎಳೆಯ ವಿದ್ಯೆ. ಎರಡೂ ಸೇರಿದರೆ ಮಾತ್ರ ಸೀರೆ.

ಇಷ್ಟೆಲ್ಲ ಏಕೆ ಬರೆಯುತ್ತಿದ್ದೇನೆಂದರೆ, ಸಮಾಜ ಕುಸಿಯುವುದೆಂದರೆ ಕರೆಂಟು ಹೋಗುವುದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಒಂದು ವರ್ಷದ ಬಳಿಕ, 2025ರ ಸೆಪ್ಟೆಂಬರ್ 7ರಂದು, ನಮ್ಮ ಮದ್ದೂರಿನಲ್ಲೇ ಮೆರವಣಿಗೆಯ ವೇಳೆ ಕಲ್ಲು ತೂರಾಟ ನಡೆಯಿತು. ಮರುದಿನ ಪ್ರತಿಭಟನೆ, ಲಾಠಿ ಪ್ರಹಾರ, ನಿಷೇಧಾಜ್ಞೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕರೆಂಟಿತ್ತು, ನೀರಿತ್ತು, ಬ್ಯಾಂಕಿನಲ್ಲಿ ಹಣವೂ ಇತ್ತು. ಆದರೆ ಎದುರು ಮನೆಯ ಬಾಗಿಲು ಮುಚ್ಚಿತ್ತು, ನಮ್ಮದೂ ಮುಚ್ಚಿತ್ತು.

ಕನ್ನಡದಲ್ಲಿ 'ಮುಯ್ಯಿ' ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಸೇಡು. 'ಮುಯ್ಯಿ ತೀರಿಸಿಕೊಳ್ಳುತ್ತೇನೆ' ಎಂದು ಹಲ್ಲು ಕಡಿಯುವವರನ್ನು ನಾವು ನೋಡಿದ್ದೇವೆ. ಕೊಟ್ಟದ್ದಕ್ಕೆ ಕೊಡುವುದೂ ಮುಯ್ಯಿ, ಹೊಡೆದದ್ದಕ್ಕೆ ಹೊಡೆಯುವುದೂ ಮುಯ್ಯಿ. ಲೆಕ್ಕ ಎರಡರಲ್ಲೂ ಇದೆ. ಯಾವ ಲೆಕ್ಕದ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ, ಯಾವುದನ್ನು ಮಕ್ಕಳ ಕೈಗೆ ಕೊಡುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಹತ್ತು ದಿನ ನಮ್ಮೆರಡು ಮನೆಗಳ ನಡುವೆ ಮಾತಿರಲಿಲ್ಲ. ಜಗಳವಾಗಿರಲಿಲ್ಲ, ಬೇಸರದ ಮಾತೂ ಬಂದಿರಲಿಲ್ಲ. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಹನ್ನೊಂದನೆಯ ದಿನ ನಾನೇ ಅವರ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದರು. "ಅಜ್ಜೀ, ನನ್ನ ಮುದ್ದೆ ಮತ್ತೆ ಗಂಟು ಕಟ್ಟುತ್ತಿದೆ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಹಿಟ್ಟು ಹಾಕಿದ್ ತಕ್ಷಣ ತಿರುವ್ಬ್ಯಾಡ, ಬೇಯಕ್ಕೆ ಬಿಡು ಅಂತ ಅವತ್ತೇ ಹೇಳಿರ್ನಿಲ್ವ?" ಎಂದು ಗದರಿದರು. ಆಮೇಲೆ ಒಳಗೆ ಹೋಗಿ ಮೊಮ್ಮಗಳ ರವಿಕೆಯ ಬಟ್ಟೆ ತಂದು ನನ್ನ ಕೈಗಿಟ್ಟರು. ನನ್ನ ಮುದ್ದೆ ಗಂಟು ಕಟ್ಟುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತೆಂದೇ ನನ್ನ ನಂಬಿಕೆ.

ಸಹೋದರಿಯರೇ, ಈ ತಿಂಗಳು ಒಂದು ಸಣ್ಣ ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಂಡು ಮನೆಯವರನ್ನೆಲ್ಲ ಕೂರಿಸಿ. ಪ್ರತಿಯೊಬ್ಬರಿಗೂ ಕೈಯಾರೆ ಬರುವ ಕೆಲಸಗಳನ್ನು ಬರೆಯಿರಿ. ಹೊಲಿಗೆ, ಉಪ್ಪಿನಕಾಯಿ, ಬಾಣಂತಿ ಆರೈಕೆ, ಸೈಕಲ್ ಪಂಕ್ಚರ್, ಗಣಿತ ಪಾಠ, ಅರ್ಜಿ ಬರೆಯುವುದು, ಉರ್ದು ಓದುವುದು, ಗಿಡ ಕಸಿ ಮಾಡುವುದು, ಯಾವುದೂ ಚಿಕ್ಕದಲ್ಲ. ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ. ನಿಮಗೆ ಬಾರದ, ಆದರೆ ನಿಮ್ಮ ಬೀದಿಯಲ್ಲಿ ಯಾರಿಗಾದರೂ ಬರುವ ಕೆಲಸಗಳು ಯಾವುವು? ಆ ಜನರ ಹೆಸರು ನಿಮಗೆ ಗೊತ್ತೇ? ಅವರ ಮನೆಯ ಬಾಗಿಲು ತಟ್ಟುವಷ್ಟು ಸಲಿಗೆ ಇದೆಯೇ? ಇಲ್ಲದಿದ್ದರೆ ಅಲ್ಲಿಂದಲೇ ಆರಂಭಿಸಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೆ ಬರುವ ಒಂದು ಕೆಲಸವನ್ನು ಈ ವರ್ಷ ಮಕ್ಕಳಲ್ಲಿ ಒಬ್ಬರಾದರೂ ಕಲಿಯಲಿ. ನೋಡಿ ಕಲಿಯುವುದು ಬೇರೆ, ಅವರ ಪಕ್ಕದಲ್ಲಿ ಕೂತು ಕೈ ಸುಟ್ಟುಕೊಂಡು ಕಲಿಯುವುದು ಬೇರೆ. ಮತ್ತೊಂದು ಮಾತು. ಕಷ್ಟದಲ್ಲಿದ್ದಾಗ ಯಾರಾದರೂ ನಿಮ್ಮ ಬಳಿ ಬಂದರೆ ಅವರ ಅಗತ್ಯ ನೋಡಿ ಬೆಲೆ ಏರಿಸಬೇಡಿ. ಅಂದು ಏರಿಸಿದ ಬೆಲೆಯನ್ನು ಅವರು ಎಂದಿಗೂ ಮರೆಯುವುದಿಲ್ಲ.

ನಮ್ಮ ಮನೆಯ ಪಟ್ಟಿಯಲ್ಲಿ ಕಿರಿಯ ಮಗಳ ಹೆಸರಿನ ಮುಂದೆ ಮೊದಲ ದಿನ ಏನೂ ಇರಲಿಲ್ಲ. ಅವಳಿಗೆ ಅವಮಾನವಾಯಿತೋ ಏನೋ, ಈಗ ಪ್ರತಿ ಭಾನುವಾರ ಎದುರು ಮನೆಯ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಾಳೆ. ಹೋದ ವಾರ ಬರುವಾಗ ಮೈಮೇಲೆಲ್ಲ ಹಿಟ್ಟು ಬಡಿದುಕೊಂಡು ಬಂದಿದ್ದಳು. ಅಜ್ಜಿ ಅವಳಿಗೆ ರಾಗಿ ರೊಟ್ಟಿ ತಟ್ಟಲು ಕಲಿಸುತ್ತಿದ್ದಾರೆ. ರೊಟ್ಟಿ ಇನ್ನೂ ದುಂಡಗಾಗಿಲ್ಲ. ಆದರೆ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಎರಡು ಕೆಲಸಗಳನ್ನು ಅವಳೇ ಬರೆದಿಟ್ಟಿದ್ದಾಳೆ.